ವಿಕಿಮೀಡಿಯಾ ಕಾಮನ್ಸ್: ನಮ್ಮೂರಿನ ಫೋಟೋ ಬೇಕಾದಾಗ

ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಫ್ಲೆಕ್ಸ್, ಅಡಿಕೆ ಹಾಳೆ ತಟ್ಟೆಯ ಪ್ಯಾಕೆಟ್, ಇಂಥ ಕೆಲಸಗಳೇ ಜಾಸ್ತಿ. ಮೂರು ವರ್ಷ ಫೋಟೋ ಮಾರುವ ಒಂದು ಸ್ಟಾಕ್ ಸೈಟಿಗೆ ದುಡ್ಡು ಕಟ್ಟಿ ಫೋಟೋ ತೆಗೆದುಕೊಂಡೆ. ನಗುವ ಮಗು, ಆಫೀಸು, ಹಣ್ಣಿನ ಬುಟ್ಟಿ ಬೇಕಿದ್ದರೆ ಅಲ್ಲಿ ಏನೂ ತೊಂದರೆ ಇಲ್ಲ. ಅಡಿಕೆ ತೋಟ ಬೇಕಾದರೆ ಮಾತ್ರ ಕಷ್ಟ. ಇಂಗ್ಲಿಷಿನಲ್ಲಿ ಅಡಿಕೆಗೆ ಬೀಟಲ್ ನಟ್ ಅಂತಲೂ ಹೇಳುತ್ತಾರೆ. ಹಾಗೆ ಹುಡುಕಿದರೆ ವೀಳ್ಯದೆಲೆ ಬರುತ್ತದೆ, ತೆಂಗೂ ಬರುತ್ತದೆ. ಅದರಲ್ಲೇ ಒಂದನ್ನು ಆರಿಸಿ ತೋರಿಸಿದಾಗ ಹಾಳೆ ತಟ್ಟೆಯವರು, "ಇದು ನಮ್ಮ ಕಡೆಯ ತೋಟ ಅಲ್ಲ ಮಾರಾಯ್ರೆ" ಅಂದರು. ಅವರು ಹೇಳಿದ್ದು ಸರಿ.

ಇನ್ನೊಮ್ಮೆ ಬೇಕಲದ ಹತ್ತಿರದ ಹೋಂಸ್ಟೇಯವರಿಗೆ ತೆಯ್ಯಂ (ವೇಷ ಕಟ್ಟಿ ಕುಣಿಯುವ ದೈವಾರಾಧನೆ) ಫೋಟೋ ಕೊಂಡೆ. ಪ್ರೆಸ್ಸಿಗೆ ಕಳಿಸುವ ಹೊತ್ತಿಗೆ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಎಡಿಟೋರಿಯಲ್ ಯೂಸ್ ಓನ್ಲಿ. ಅಂದರೆ ಸುದ್ದಿಗೆ, ಲೇಖನಕ್ಕೆ ಆಗುತ್ತದೆ, ಜಾಹೀರಾತಿಗೆ ಆಗುವುದಿಲ್ಲ. ದುಡ್ಡು ಹೋಯಿತು. ಆ ರಾತ್ರಿಯೇ ಕಾಮನ್ಸ್ ತೆರೆದೆ.

ವಿಕಿಪೀಡಿಯ ಬಳಗದ ಈ ಸೈಟು 2004ರಲ್ಲಿ ಶುರುವಾಯಿತು. ಎಲ್ಲ ಉಚಿತ. ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಬೇಕಲ ಕೋಟೆ ಅಂತ ಹುಡುಕಿ, ಅಲ್ಲಿಗೆ ಹೋಗಿ ಬಂದವರು ತೆಗೆದ ಚಿತ್ರಗಳೇ ಸಿಗುತ್ತವೆ. ಬುರುಜು, ಕೆಂಪು ಕಲ್ಲು, ಆಚೆ ಕಡಲು, ನಾವು ನೋಡಿದ ಹಾಗೆಯೇ. ಆದರೆ ಸೈಜು ನೋಡಿಕೊಳ್ಳಿ. ಎ3 ಪೋಸ್ಟರನ್ನು 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಅಚ್ಚು ಹಾಕಲು 3508 × 4961 ಪಿಕ್ಸೆಲ್ ಬೇಕು. ಹಳೆಯ ಫೋಟೋಗಳಲ್ಲಿ ಎಷ್ಟೋ ಅಷ್ಟು ದೊಡ್ಡದಿರುವುದಿಲ್ಲ. ದೂರದಿಂದ ನೋಡುವ ಫ್ಲೆಕ್ಸಿಗಾದರೆ ಕಡಿಮೆ ಇದ್ದರೂ ನಡೆಯುತ್ತದೆ.

ಲೈಸೆನ್ಸನ್ನು ದಯವಿಟ್ಟು ಓದಿ. ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸು. ಸಿಸಿ ಬಿವೈ ಅಂತಿದ್ದರೆ ಫೋಟೋ ತೆಗೆದವರ ಹೆಸರು ಹಾಕಲೇಬೇಕು. "ನಮ್ಮ ನೋಟೀಸಿನಲ್ಲಿ ಇದು ಯಾರ ಹೆಸರು?" ಅಂತ ಗಿರಾಕಿಗಳು ಕೇಳುತ್ತಾರೆ. ನಾನು ಬಿಡುವುದಿಲ್ಲ. ದುಡ್ಡು ಕೇಳದೆ ಕೊಟ್ಟವರಿಗೆ ಒಂದು ಸಾಲು ಜಾಗ ಕೊಡಬೇಕಲ್ವಾ? ಕೊನೆಗೆ ಎಸ್‌ಎ ಅಂತಲೂ ಇದ್ದರೆ, ಚಿತ್ರವನ್ನು ಬದಲಾಯಿಸಿ ಮಾಡಿದ್ದನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು. ಹಾಗಾಗಿ ಪ್ಯಾಕೆಟ್ಟಿಗೆ ಅಂಥದ್ದನ್ನು ಮುಟ್ಟುವುದಿಲ್ಲ. ಇಂಥ ಷರತ್ತು ಯಾವುದೂ ಇಲ್ಲದ ಸಿಸಿ0 ಸಿಕ್ಕರೆ ನಿಶ್ಚಿಂತೆ.

ತೆಯ್ಯಂ ವಿಷಯ ಮಾತ್ರ ಇಲ್ಲಿಯೂ ಬಗೆಹರಿಯಲಿಲ್ಲ. ಈ ಲೈಸೆನ್ಸು ಕ್ಯಾಮೆರಾ ಹಿಡಿದವರ ಒಪ್ಪಿಗೆ. ಕೋಲ ಕಟ್ಟಿದವರ ಒಪ್ಪಿಗೆ ಅದರಲ್ಲಿ ಇರುವುದಿಲ್ಲ. ಅವರ ಮುಖ ಇಟ್ಟುಕೊಂಡು ರೂಮು ಬಾಡಿಗೆಗೆ ಕೊಡುವುದು ನನಗೆ ಸರಿ ಕಾಣಲಿಲ್ಲ. ಹೋಂಸ್ಟೇಯವರಿಗೆ ವಿವರಿಸಿ ಹೇಳಿದೆ, ಒಪ್ಪಿದರು. ಕೋಟೆಯ ಚಿತ್ರ ಹಾಕಿದೆವು.

ಅಡಿಕೆ ಹಾಳೆಯ ಫೋಟೋ, ನನಗೆ ಬೇಕಾದಂಥದ್ದು, ಕಾಮನ್ಸಿನಲ್ಲೂ ಸಿಗಲಿಲ್ಲ. ಬೆಳಗ್ಗೆ ಏಳಕ್ಕೆ ಹಾಳೆ ತಟ್ಟೆಯವರ ತೋಟಕ್ಕೇ ಹೋದೆ. ಬಿದ್ದ ಹಾಳೆಗಳ ಮೇಲೆ ಇನ್ನೂ ಇಬ್ಬನಿ ಇತ್ತು. ಎರಡು ಫೋಟೋ ಪ್ಯಾಕೆಟ್ಟಿಗೆ ಆಯಿತು. ಉಳಿದ ಹನ್ನೊಂದನ್ನು "ಅಡಿಕೆ ಹಾಳೆ" ಅಂತ ಕನ್ನಡದಲ್ಲೇ ಹೆಸರು ಬರೆದು ಕಾಮನ್ಸಿಗೆ ಹಾಕಿದ್ದೇನೆ.