ಹಳೇ ಕ್ಯಾಬಿನೆಟ್ ಪೌಡರ್ ಕೋಟಿಂಗ್‌ಗೆ ಕೊಡೋ ಮುಂಚೆ ಸ್ವಲ್ಪ ತಡೀರಿ

ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕ್ಯಾಬಿನೆಟ್ ತಂದು, ಕೊಯ್ದು, ಉಜ್ಜಿ, ಹೊಸ ಬಣ್ಣ ಹೊಡೆಸೋ ಹುಚ್ಚು ಇರುವವರಿಗೆ ಈ ಬರಹ. ಕಿಟಕಿ ಗ್ರಿಲ್, ಗೇಟಿಗೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಎರಚಿ ಭಟ್ಟಿಯಲ್ಲಿ ಬೇಯಿಸುವುದು) ಮಾಡುವ ಶೆಡ್ಡಿಗೆ ಕ್ಯಾಬಿನೆಟ್ ಒಯ್ದು ಕೊಡೋಣ ಅಂತ ಯೋಚನೆ ಇದ್ದರೆ, ಮೊದಲು ನನ್ನ ಕ್ಯಾಬಿನೆಟ್‌ಗೆ ಏನಾಯಿತು ಅಂತ ಓದಿ. ಶೆಡ್ಡಿನ ಹೆಸರು ಬರೆಯುವುದಿಲ್ಲ, ಕೇಳಬೇಡಿ. ಕಲಬುರಗಿಯದೇ ಒಂದು ಶೆಡ್ಡು, ಅಷ್ಟೇ.

ಕ್ಯಾಬಿನೆಟ್ ಸಿಕ್ಕಿದ್ದು ಸೂಪರ್ ಮಾರ್ಕೆಟ್ ಕಡೆ ಒಂದು ಹಳೇ ಕಂಪ್ಯೂಟರ್ ಅಂಗಡಿಯಲ್ಲಿ, ಆರುನೂರು ರೂಪಾಯಿಗೆ. ಎಟಿಎಕ್ಸ್ ಅಳತೆಯದು, ಅಂದರೆ 305 × 244 ಮಿ.ಮೀ. ಮದರ್‌ಬೋರ್ಡ್ ಹಿಡಿಯುವಂಥದ್ದು. ಇಂಟೆಲ್ 1995ರಲ್ಲಿ ತಂದ ಈ ಅಳತೆ ಇನ್ನೂ ನಡೆಯುತ್ತಿದೆ, ಅದಕ್ಕೇ ಹಳೇ ಡಬ್ಬದಲ್ಲಿ ಹೊಸ ಬೋರ್ಡ್ ಕೂರುತ್ತದೆ. ಇಲ್ಲಾಂದ್ರೆ ಈ ಹವ್ಯಾಸಕ್ಕೆ ಅರ್ಥವೇ ಇರುತ್ತಿರಲಿಲ್ಲ. ತಗಡು ಗಟ್ಟಿಯಾಗಿತ್ತು. ಈಗಿನ ಅಗ್ಗದ ಕ್ಯಾಬಿನೆಟ್ಟುಗಳಂತೆ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಂಥದ್ದಲ್ಲ. ರಿವೆಟ್ ಕೊರೆದು ಸಿಡಿ ಡ್ರೈವಿನ ಗೂಡು ತೆಗೆದೆ. ಮುಂದೆ 120 ಮಿ.ಮೀ. ಫ್ಯಾನಿಗಾಗಿ ನಾಲ್ಕೂವರೆ ಇಂಚಿನ ಹೋಲ್ ಸಾ ಹಾಕಿ ತೂತು ಮಾಡಿದೆ. ಸ್ಕ್ರೂ ತೂತು 105 ಮಿ.ಮೀ. ಅಂತರಕ್ಕೆ ಕೊರೆದು, ಅಂಚಿಗೆಲ್ಲ ಅರ ಹಾಕಿದೆ. ಇಲ್ಲಿಯವರೆಗೆ ಎಲ್ಲ ಚೆನ್ನಾಗೇ ಇತ್ತು.

ಮನಸ್ಸಿನಲ್ಲಿದ್ದದ್ದು ಬಿದ್ರಿ ಬಣ್ಣ. ಹೊಳಪಿಲ್ಲದ ಕಡುಗಪ್ಪು, ಮೇಲೆ ಬೆಳ್ಳಿಗೆರೆ ಥರ ಅಲ್ಯೂಮಿನಿಯಂ ಪಟ್ಟಿ. ಬೀದರಿನವರು ಸತು ಜಾಸ್ತಿ, ತಾಮ್ರ ಸ್ವಲ್ಪ ಇರುವ ಲೋಹಕ್ಕೆ ಕೋಟೆಯ ಮಣ್ಣು, ನವಸಾಗರ ಸೇರಿಸಿ ಆ ಕಪ್ಪು ತರಿಸುತ್ತಾರೆ. ನಮ್ಮ ತಗಡಿಗೆ ಅದೆಲ್ಲ ಆಗುವ ಮಾತಲ್ಲ. ಸ್ಪ್ರೇ ಡಬ್ಬಿಯ ಬಣ್ಣ ಉಗುರು ತಾಗಿದರೆ ಕೀಳುತ್ತದೆ. ಹಾಗಾಗಿ ಪೌಡರ್ ಕೋಟಿಂಗ್.

ಶೆಡ್ಡಿನಲ್ಲಿ ನಾನು ಒಂದೊಂದೇ ಜಾಗ ತೋರಿಸಿ ಹೇಳಿದ್ದೆ. ಬೋರ್ಡಿನ ಸ್ಟ್ಯಾಂಡ್‌ಆಫ್ (ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಪುಟ್ಟ ಲೋಹದ ಕಂಬ) ಕೂರುವ ತೂತುಗಳಿಗೆ ಪೌಡರ್ ಹೋಗಬಾರದು. ಹಿಂದೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಒರಗುವ ಜಾಗ ಬರೀ ಲೋಹವಾಗಿ ಉಳಿಯಬೇಕು. ಪ್ಯಾನೆಲ್ ಜಾರುವ ಹಳಿಗಳಲ್ಲಿ ಎರಡು ಕಡೆ ಕೂಡ. ಮಾರ್ಕರಿನಲ್ಲಿ ಸುತ್ತು ಹಾಕಿ, ಚೀಟಿ ಬರೆದು ಅಂಟಿಸಿದೆ.

“ಚಿಂತಿ ಮಾಡ್ಬ್ಯಾಡ್ರಿ ಸರ್, ಟೇಪ್ ಹಚ್ತೀವಿ. ಇಷ್ಟ್ ದೊಡ್ಡ ಗೇಟ್ ಮಾಡ್ತೀವಿ, ಇದೇನ್ ಮಹಾ? ಹಂಗೇ ಬಿಟ್ಟು ಹೋಗ್ರಿ.”

ಈ ‘ಹಂಗೇ ಬಿಟ್ಟು ಹೋಗ್ರಿ’ ಕೇಳಿದ ಕೂಡಲೇ ಮಾಲು ವಾಪಸ್ ಗಾಡಿಗೆ ಏರಿಸಿ. ಯಾಕಂದ್ರೆ ಅಲ್ಲಿ ಕೆಲಸ ಶುರುವಾಗುವುದೇ ಆ್ಯಸಿಡ್ ತೊಟ್ಟಿಯಿಂದ. ಗೇಟು, ಗ್ರಿಲ್ಲುಗಳು ತುಕ್ಕು ಹಿಡಿದು ಬರುತ್ತವೆ, ಅವನ್ನು ಮುಳುಗಿಸುವುದು ಸರಿ. ಕಂಪ್ಯೂಟರ್ ಕ್ಯಾಬಿನೆಟ್ಟಿನ ತಗಡಿಗೆ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಸತುವಿನ ಲೇಪ ಇರುತ್ತದೆ, ಕೆಲವೇ ಮೈಕ್ರಾನ್ ದಪ್ಪ. ಆ್ಯಸಿಡ್‌ಗೆ ಬಿದ್ದರೆ ಅದು ಬುಳುಬುಳು ಅಂತ ನೊರೆ ಎಬ್ಬಿಸಿ ಕರಗಿಹೋಗುತ್ತದೆ. ನನ್ನ ಚೀಟಿ, ಮಾರ್ಕರ್ ಗುರುತು, ಕಬ್ಬಿಣ ಕಾಯುವ ಸತು ಎಲ್ಲ ಒಂದೇ ಮುಳುಗಿಗೆ ಹೋದವು. ಮಡಚಿದ ಅಂಚಿನ ಒಳಗೆ ನುಗ್ಗಿದ ಆ್ಯಸಿಡ್ ಪೂರ್ತಿ ತೊಳೆದು ಹೋಗಲ್ಲ, ಅಲ್ಲಿಗೆ ಪೌಡರೂ ತಲುಪಲ್ಲ. ಮಳೆಗಾಲ ಬಂದಾಗ ನನ್ನ ಕ್ಯಾಬಿನೆಟ್ಟಿನ ತಳದ ಮಡಿಕೆಯಿಂದ ಕಂದು ನೀರು ಇಳಿದ ಗೆರೆ ಕಂಡಿತು. ಹೊರಗಿನ ಕಪ್ಪು ಮಾತ್ರ ಹೊಚ್ಚ ಹೊಸದು.

ಇನ್ನು ಟೇಪ್ ವಿಷಯ. ಪೌಡರ್ ಕೋಟಿಂಗ್ ಬೇಯುವುದು ಸುಮಾರು 180ರಿಂದ 200 ಡಿಗ್ರಿಯಲ್ಲಿ. ಆ ಬಿಸಿಗೆ ಅಂಗಡಿಯ ಕಾಗದದ ಮಾಸ್ಕಿಂಗ್ ಟೇಪ್ ನಿಲ್ಲಲ್ಲ. ಬಿಸಿ ತಡೆಯುವ ಹಸಿರು ಪಾಲಿಯೆಸ್ಟರ್ ಟೇಪ್ ಬೇಕು, ತೂತಿಗೆ ಸಿಲಿಕೋನ್ ಬಿರಡೆ ಬೇಕು. ಇವರ ಹತ್ತಿರ ಎರಡೂ ಇರಲಿಲ್ಲ. ಇಲ್ಲ ಅಂತ ಹೇಳಲೂ ಇಲ್ಲ. ಮುಂದಿನ ಪ್ಲಾಸ್ಟಿಕ್ ಪ್ಯಾನೆಲ್ ನಾನು ಮನೆಯಲ್ಲೇ ಬಿಟ್ಟಿದ್ದೆ, ಪುಣ್ಯ. ಎಬಿಎಸ್ ಪ್ಲಾಸ್ಟಿಕ್ ನೂರು ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗುತ್ತದೆ. ಅದನ್ನೂ ಭಟ್ಟಿಗೆ ಹಾಕಿ ಕಳಿಸುತ್ತಿದ್ದರೋ ಏನೋ.

ತಗೊಂಡು ಬರುವಾಗ ನೋಡೋಕೆ ಚಂದವೇ ಇತ್ತು, ಸುಳ್ಳು ಹೇಳಬಾರದು. 1,400 ರೂಪಾಯಿ ಎಣಿಸಿ ಕೊಟ್ಟೆ. ಮನೆಗೆ ಬಂದು ಹಿತ್ತಾಳೆ ಸ್ಟ್ಯಾಂಡ್‌ಆಫ್ ತಿರುಗಿಸಿದರೆ ಒಂದು ಎಳೆ ಕೂಡ ಹಿಡಿಯಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ತೂತಿನ ಒಳಗಿನ ಥ್ರೆಡ್, ಅಂದರೆ ಸ್ಕ್ರೂ ಹಿಡಿಯುವ ಸುರುಳಿ ಗೆರೆ, ಕಾಣುತ್ತಲೇ ಇಲ್ಲ, ಕಪ್ಪು ಮೇಣ ಹೊಯ್ದಂತೆ ನುಣ್ಣಗಾಗಿದೆ. ಇದಕ್ಕೊಂದು ಲೆಕ್ಕ ಇದೆ. ಪೌಡರ್ ಪದರ 60ರಿಂದ 80 ಮೈಕ್ರಾನ್ ಇರುತ್ತದೆ. ಕೇಳಿದರೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಥ್ರೆಡ್ಡಿನ ಇಳಿಜಾರಿನ ಮೇಲೆ ಕೂತಾಗ ಅದರ ಪರಿಣಾಮ ನಾಲ್ಕು ಪಟ್ಟು. 70 ಮೈಕ್ರಾನ್ ಪದರ ಅಂದರೆ ಥ್ರೆಡ್ ಸುಮಾರು 0.28 ಮಿ.ಮೀ. ಬಿಗಿಯಾಯಿತು ಅಂತ. ಮೂರೂವರೆ ಮಿಲಿಮೀಟರ್ ಸ್ಕ್ರೂಗೆ ಅದು ಬಾಗಿಲು ಮುಚ್ಚಿದಂತೆಯೇ.

ಫೋನ್ ಮಾಡಿದರೆ ಉತ್ತರ: “ಜೋರ್ ಹಾಕಿ ತಿರುವ್ರಿ, ತಾನೇ ದಾರಿ ಮಾಡ್ಕೋತದ.”

ಹಾಗೆ ಮಾಡಬೇಡಿ. ತಗಡಿನ ದಪ್ಪ ಮಿಲಿಮೀಟರಿಗಿಂತ ಕಡಿಮೆ, ಥ್ರೆಡ್ ಇರುವುದೇ ಒಂದೆರಡು ಸುತ್ತು. ಜೋರು ಹಾಕಿದರೆ ಅದೂ ಕಿತ್ತು ಬರುತ್ತದೆ. ಲೇಥ್ ಅಂಗಡಿಗೆ ಒಯ್ದರೆ ಅಲ್ಲಿ ಕೈಗೆ ಸಿಗುವ ಮಿಲಿಮೀಟರ್ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಳಿ) ಹಾಕಲು ಹೋಗುತ್ತಾರೆ. ಅದನ್ನೂ ಬೇಡ ಅನ್ನಿ. ಕ್ಯಾಬಿನೆಟ್ಟಿನ ದಪ್ಪ ಸ್ಕ್ರೂ ಇಂಚಿನ ಲೆಕ್ಕದ್ದು, 6-32 ಅನ್ನುತ್ತಾರೆ, ಇಂಚಿಗೆ 32 ಸುತ್ತು. ಎಂ3.5, ಅಂದರೆ ಮೂರೂವರೆ ಮಿ.ಮೀ. ಟ್ಯಾಪ್ ದಪ್ಪದಲ್ಲಿ ಹತ್ತಿರ ಇದ್ದರೂ ಸುತ್ತಿನ ಅಂತರ ಬೇರೆ, ಇದ್ದ ಥ್ರೆಡ್ಡನ್ನೂ ಕೆಡಿಸುತ್ತದೆ. ಎಂ4 ಹಾಕಿದರಂತೂ ತೂತೇ ದೊಡ್ಡದಾಗಿ ಕೆಲಸ ಮುಗೀತು. 6-32 ಟ್ಯಾಪ್ ಆನ್‌ಲೈನ್‌ನಲ್ಲಿ ತರಿಸಿ, ಒಂದು ಹನಿ ಎಣ್ಣೆ ಬಿಟ್ಟು, ಕೈಯಲ್ಲೇ ಮೆಲ್ಲಗೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಬನ್ನಿ. ಕಪ್ಪು ಪುಡಿ ಉದುರಿ ಕೆಳಗೆ ಬಿಳಿ ಲೋಹ ಕಾಣುತ್ತದೆ. ಎಸ್‌ಎಸ್‌ಡಿ ಮತ್ತು ಸಿಡಿ ಡ್ರೈವಿನ ಸಣ್ಣ ಸ್ಕ್ರೂ ಎಂ3, ಅದನ್ನು ಇದರ ಜೊತೆ ಬೆರೆಸಬೇಡಿ.

ಸ್ಕ್ರೂ ಕಥೆ ಕಿರಿಕಿರಿ ಅಷ್ಟೇ. ನಿಜವಾಗಿ ಹೆದರಿಕೆ ಆಗಿದ್ದು ಅರ್ಥಿಂಗ್ ನೋಡಿದಾಗ. ಬೋರ್ಡ್ ಹಾಕುವ ಮುಂಚೆ ಬರೀ ಎಸ್‌ಎಂಪಿಎಸ್ ಕೂರಿಸಿ, ವಯರ್ ಗೋಡೆಯಿಂದ ಕಿತ್ತಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ, ಅಂದರೆ ಅರ್ಥ್ ಪಿನ್ನಿಗೆ ಹಿಡಿದೆ. ಇನ್ನೊಂದನ್ನು ಎಸ್‌ಎಂಪಿಎಸ್ ಮೈಗೆ ಮುಟ್ಟಿಸಿದರೆ ಬೀಪ್ ಬಂತು. ಕ್ಯಾಬಿನೆಟ್ಟಿನ ಮೂಲೆಯಲ್ಲಿ ಸ್ವಲ್ಪ ಬಣ್ಣ ಕೆರೆದು ಅಲ್ಲಿ ಮುಟ್ಟಿಸಿದರೆ ಸದ್ದೇ ಇಲ್ಲ. ಬಣ್ಣ ಹೊಡೆಸುವ ಮುಂಚೆ ಅದೇ ಮೂಲೆ ಬೀಪ್ ಅನ್ನುತ್ತಿತ್ತು. ಎಸ್‌ಎಂಪಿಎಸ್ಸಿನ ನಾಲ್ಕು ಸ್ಕ್ರೂಗಳ ಥ್ರೆಡ್ ಇರುವುದು ಎಸ್‌ಎಂಪಿಎಸ್ ಒಳಗೆ, ಕ್ಯಾಬಿನೆಟ್ಟಿನ ತಗಡು ಸುಮ್ನೆ ನಡುವೆ ಸಿಕ್ಕಿಕೊಂಡಿರುತ್ತದೆ. ತಗಡಿನ ಎರಡೂ ಕಡೆ ಪ್ಲಾಸ್ಟಿಕ್ಕಿನಂಥ ಪದರ ಬಂದರೆ ಕರೆಂಟಿಗೆ ದಾರಿ ಎಲ್ಲಿ? ತಮಾಷೆ ನೋಡಿ, ಪೌಡರ್ ಹೊಡೆಯುವಾಗ ಅದು ಅಂಟಿಕೊಳ್ಳಲಿ ಅಂತ ಮಾಲಿಗೆ ಅರ್ಥ್ ಕೊಟ್ಟೇ ನೇತು ಹಾಕಿರುತ್ತಾರೆ. ಬೆಂದು ಬಂದ ಮೇಲೆ ಅದೇ ಪೌಡರ್ ಅರ್ಥ್ ಕಡಿಯುತ್ತದೆ.

“ಬೋರ್ಡಿನ ಸ್ಕ್ರೂ ಮೂಲಕ ಅರ್ಥ್ ಹೇಗೂ ಸಿಗುತ್ತಲ್ಲ” ಅಂತ ನನ್ನ ಗೆಳೆಯ ವಾದ ಮಾಡಿದ. ಟ್ಯಾಪ್ ಹಾಕಿದ ಮೇಲೆ ಸಿಗುತ್ತದೆ, ನಿಜ. ಆದರೆ ಡಬ್ಬದ ಅರ್ಥಿಂಗನ್ನು ಬೋರ್ಡಿನ ತಲೆಗೆ ಕಟ್ಟುವುದು ಸರಿಯಲ್ಲ. ನಮ್ಮ ಬೇಸಿಗೆ ಹೇಗೆ ಅಂತ ಗೊತ್ತಲ್ಲ. ಏಪ್ರಿಲ್, ಮೇನಲ್ಲಿ ಗಾಳಿಯಲ್ಲಿ ತೇವವೇ ಇರಲ್ಲ, ನೈಲಾನ್ ಬಟ್ಟೆ ತೊಟ್ಟು ಕುರ್ಚಿಯಿಂದ ಎದ್ದರೆ ಬೆರಳ ತುದಿಯಲ್ಲಿ ಚಟ್ ಅನ್ನುತ್ತದೆ. ಆ ಚಟಕ್ಕು ಮುಂದಿನ ಯುಎಸ್‌ಬಿಗೆ ತಾಗಿದಾಗ ತಗಡಿನ ಮೂಲಕ ನೆಲಕ್ಕೆ ಇಳಿಯಬೇಕು. ದಾರಿ ಇಲ್ಲದಿದ್ದರೆ ವಯರ್ ಹಿಡಿದು ಬೋರ್ಡಿಗೆ ಹೋಗುತ್ತದೆ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಇದೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಗುಂಡಿಯ ಪೈಪಿನಿಂದ ದೂರ ಸರಿಯುತ್ತದೆ, ಯಾರೂ ನೀರು ಹಾಕಿರಲ್ಲ. ಅಂಥ ಕಡೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಅದರ ಮೈಗೆ 230 ವೋಲ್ಟಿನ ಸುಮಾರು ಅರ್ಧ ಬಂದು ನಿಲ್ಲುತ್ತದೆ. ಕರೆಂಟು ತೀರಾ ಸಣ್ಣದು, ಕೈಗೆ ಜುಮ್ ಅನ್ನುತ್ತದೆ. ಬರೀ ಲೋಹದ ಕ್ಯಾಬಿನೆಟ್ ಆದರೆ ಆ ಜುಮ್ ಕಂಡು ಎಲೆಕ್ಟ್ರಿಷಿಯನ್ ಕರೆಸುತ್ತೀರಿ. ಮೈಯೆಲ್ಲ ಪೌಡರ್ ಇದ್ದರೆ ಗೊತ್ತೇ ಆಗಲ್ಲ.

ನಾನು ಮಾಡಿಕೊಂಡ ರಿಪೇರಿ ಹೀಗಿದೆ. ಎಸ್‌ಎಂಪಿಎಸ್ ಒರಗುವ ಜಾಗದಲ್ಲಿ ಸ್ಕ್ರೂ ತೂತಿನ ಸುತ್ತ ಒಳಗೂ ಹೊರಗೂ ಪೌಡರ್ ಕೆರೆದೆ, ಹಲ್ಲಿರುವ ವಾಷರ್ ಹಾಕಿ ಬಿಗಿದೆ. ಅಲ್ಲಿಂದ ಒಂದು ಹಸಿರು ವಯರನ್ನು ಉಂಗುರದ ಲಗ್ ಹಾಕಿ ತಗಡಿಗೆ ಕಟ್ಟಿದೆ. ಈಗ ಮೀಟರ್ ಒಂದು ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಕೆರೆದ ಜಾಗದಲ್ಲಿ ಸತು ಇಲ್ಲದ್ದರಿಂದ, ಬಿಗಿದ ಮೇಲೆ ಸುತ್ತ ತೆಳ್ಳಗೆ ವ್ಯಾಸಲೀನ್ ಸವರಿದ್ದೇನೆ.

ಶೆಡ್ಡಿನವರು ದುಡ್ಡು ವಾಪಸ್ ಕೊಡಲಿಲ್ಲ. “ಇನ್ನೊಂದ್ ಸಲ ಭಟ್ಟಿಗಿ ಹಾಕಿ ಕೊಡ್ತೀವ್ರಿ, ಫ್ರೀ” ಅಂದರು. ಇದ್ದದ್ದರ ಮೇಲೆ ಇನ್ನೊಂದು ಪದರ! ಬೇಡ ಮಹಾರಾಯ ಅಂದೆ. ಗ್ರಾಹಕರ ಸಹಾಯವಾಣಿ 1915 ಇದೆ, ಆದರೆ ನನ್ನ ಹತ್ತಿರ ಇದ್ದದ್ದು ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಕಚ್ಚಾ ಲೆಕ್ಕ. ಅಲ್ಲಿ ಬಿಲ್ ಕೊಡುವ ಪದ್ಧತಿಯೇ ಇಲ್ಲವಂತೆ. ನೀವು ಕೊಡುವುದೇ ಆದರೆ ಪಕ್ಕಾ ಬಿಲ್ಲಿನ ಮೇಲೆ ‘ಆ್ಯಸಿಡ್ ಬೇಡ, ಥ್ರೆಡ್ಡಿಗೆ ಬಿರಡೆ ಹಾಕಬೇಕು, ಗುರುತು ಮಾಡಿದ ಕಡೆ ಪೌಡರ್ ಬೇಡ’ ಅಂತ ಬರೆಸಿ, ಬಿರಡೆ ಕಣ್ಣಾರೆ ನೋಡಿ. ಬರೆಯಲ್ಲ ಅಂದರೆ ಬಿಡಿ, ಮನೆಯಲ್ಲೇ ಸ್ಪ್ರೇ ಮಾಡಿಕೊಳ್ಳಿ. ಸತುವಿನ ತಗಡಿಗೆ ಎನಾಮಲ್ ನೇರ ಹಚ್ಚಿದರೆ ಸಿಪ್ಪೆ ಏಳುತ್ತದೆ, ಮೊದಲು ಎಚ್ (etch) ಪ್ರೈಮರ್, ಅಂದರೆ ಸತುವನ್ನು ಕಚ್ಚಿ ಹಿಡಿಯುವ ಅಸ್ತರಿ ಬಣ್ಣ ಬೇಕು. ಮೇ ತಿಂಗಳ ಮಧ್ಯಾಹ್ನ ಹೊಡೆಯಬೇಡಿ, ಹನಿ ಗಾಳಿಯಲ್ಲೇ ಒಣಗಿ ಮೈ ಮರಳು ಮರಳಾಗುತ್ತದೆ. ಚಳಿಗಾಲದಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ಚೆನ್ನಾಗಿ ಬರುತ್ತದೆ.

ಭಟ್ಟಿಯಲ್ಲಿ ಒಂದೇ ಕೊಂಡಿಗೆ ನೇತು ಹಾಕಿದ್ದರಿಂದ ಎಡಗಡೆ ಸೈಡ್ ಪ್ಯಾನೆಲ್ ಸೊಟ್ಟಗಾಗಿದೆ, ಹಳಿಗೆ ಕೂರುತ್ತಲೇ ಇಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರ ಹತ್ತಿರವಾದರೂ ಗುಜರಿಗೆ ಹಾಕಲು ಇಟ್ಟ ಹಳೇ ಎಟಿಎಕ್ಸ್ ಕ್ಯಾಬಿನೆಟ್ ಇದ್ದರೆ, ಪ್ಯಾನೆಲ್ಲಿನ ಉದ್ದ ಅಗಲ ಅಳೆದು ತಿಳಿಸಿ. ಬಣ್ಣ ಯಾವುದಿದ್ದರೂ ನಡೆಯುತ್ತದೆ.