ಭಾರತದಲ್ಲಿ ಮೊದಲ ಕಚೇರಿ: ಬೆಂಗಳೂರೋ, ಮೈಸೂರೋ?

ಕರ್ನಾಟಕಕ್ಕೆ ಬರುವುದೆಂದು ನಿರ್ಧರಿಸಿದ ವಿದೇಶಿ ಸಂಸ್ಥೆಗೂ ಈ ಪ್ರಶ್ನೆ ಉಳಿಯುತ್ತದೆ.

ಅನುಭವಿ ಎಂಜಿನಿಯರುಗಳು ಬೇಗ ಬೇಕಿದ್ದರೆ ಬೆಂಗಳೂರಿಗೆ ಸಾಟಿಯಿಲ್ಲ. ಲಂಡನ್, ಫ್ರಾಂಕ್‌ಫರ್ಟ್‌ಗಳಿಗೆ ಇಲ್ಲಿಂದ ನೇರ ವಿಮಾನಗಳಿವೆ. ಆದರೆ ಬಾಡಿಗೆ ದುಬಾರಿ, ಹೊರವರ್ತುಲ ರಸ್ತೆಯ ದಟ್ಟಣೆ ನೌಕರರ ದಿನವನ್ನೇ ನುಂಗುತ್ತದೆ.

ಮೈಸೂರಿನಲ್ಲಿ ಬಾಡಿಗೆ ಕಡಿಮೆ, ಮನೆಯಿಂದ ಕಚೇರಿಗೆ ಹಾದಿಯೂ ಹತ್ತಿರ. ಇನ್ಫೋಸಿಸ್ ತನ್ನ ದೊಡ್ಡ ತರಬೇತಿ ಕೇಂದ್ರವನ್ನು ಇಲ್ಲಿ ನಡೆಸುತ್ತಿದೆ. ಹೊಸಬರನ್ನು ಕಲಿಸಿ ಬೆಳೆಸುವ ತಾಳ್ಮೆಯುಳ್ಳವರಿಗೆ ಇದು ಒಳ್ಳೆಯ ನೆಲ. ಹಿರಿಯ ಪರಿಣತರನ್ನು ಹುಡುಕುವುದು ಮಾತ್ರ ಕಷ್ಟ.

ಸಂಸ್ಕೃತಿಯ ವಿಷಯದಲ್ಲಿ ನನ್ನ ಒಲವು ಮೈಸೂರಿನ ಕಡೆಗೆ. ಬೆಂಗಳೂರಿನ ಕಚೇರಿಗಳಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲವೂ ಕೇಳಿಸುತ್ತವೆ. ಆ ಬೆರಕೆಗೂ ಸೊಗಸಿದೆ. ಆದರೆ ಗಾಜಿನ ಕಟ್ಟಡದೊಳಗೇ ಉಳಿದವರಿಗೆ ಬಸವನಗುಡಿಯ ಕಡಲೆಕಾಯಿ ಪರಿಷೆ ಕಣ್ಣಿಗೇ ಬೀಳದು. ಮೈಸೂರಿನಲ್ಲಿ ಹಾಗಾಗುವುದಿಲ್ಲ. ದಸರಾ ಬಂತೆಂದರೆ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಜಂಬೂಸವಾರಿಯ ದಿನ ಸಭೆ ಕರೆಯಬೇಡಿ, ಅತಿಥಿಗಳನ್ನು ಕರೆತನ್ನಿ.

ಎರಡೂ ಕಡೆ ನವೆಂಬರ್ 1ರ ರಾಜ್ಯೋತ್ಸವಕ್ಕೆ ರಜೆ ಕೊಡಲೇಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ನಿಯಮವೂ ಒಂದೇ. ಇದನ್ನು ಹೊರೆಯೆಂದುಕೊಳ್ಳದೆ, ಮೊದಲ ದಿನವೇ ಚಂದದ ಫಲಕ ಬರೆಸಿ.

ಗ್ರಾಹಕರು ಮೇಲಿಂದ ಮೇಲೆ ಬರುವವರಾದರೆ ಬೆಂಗಳೂರನ್ನೇ ಆರಿಸಿಕೊಳ್ಳಿ. ಹತ್ತು ವರ್ಷ ನಿಲ್ಲುವ ತಂಡ ಕಟ್ಟುವ ಆಸೆಯಿದ್ದರೆ ಮೈಸೂರು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಿಂದಾಗಿ ರಾಜಧಾನಿಯ ಕೆಲಸ ಮುಗಿಸಿ ಅದೇ ದಿನ ಮರಳಬಹುದು.