‘ಪೂರ್ತಿ ಹಿತ್ತಾಳೆ’ ಅಂತ ಬಂದ ಪ್ರಾಪ್ ಕಿಟ್, ಜೊತೆಗೊಂದು ಹೆಸರಿಲ್ಲದ ಬಾಟಲಿ

ಸಿನಿಮಾ ಪ್ರಾಪ್‌ಗಳ, ಅಂದರೆ ಚಿತ್ರದಲ್ಲಿ ನಟರು ಬಳಸುವ ವಸ್ತುಗಳ, ನಕಲು ಮಾಡುವ ಮೆಟಲ್ ಕಿಟ್ ತರಿಸಿ, ಮನೆಯಲ್ಲೇ ಉಜ್ಜಿ, ಜೋಡಿಸಿ, ಹಳೆಯದಾಗಿ ಕಾಣುವಂತೆ ಮಾಡುವ ಹುಚ್ಚು ಇರುವವರು ಇದನ್ನು ಓದಿ. ಕಿಟ್‌ನ ಜೊತೆ ಉಚಿತವಾಗಿ ಬರುವ ‘ಏಜಿಂಗ್ ಲಿಕ್ವಿಡ್’ ಬಾಟಲಿಯ ಮೇಲೆ ಒಳಗೇನಿದೆ ಅಂತ ಬರೆದಿಲ್ಲವೇ? ಮುಚ್ಚಳ ತೆಗೆಯಬೇಡಿ. ಕಿಟ್ ಯಾವ ಲೋಹದ್ದು ಅಂತ ನೀವೇ ಪರೀಕ್ಷೆ ಮಾಡಿಕೊಳ್ಳುವವರೆಗೆ ಅದರ ಮೇಲೆ ನೀರು, ಸೋಪು ಬಿಟ್ಟು ಬೇರೇನನ್ನೂ ಹಾಕಬೇಡಿ. ಮಾರುವವರು ‘ಮೆಟಲ್’ ಅನ್ನುತ್ತಾರೆ. ಹಿತ್ತಾಳೆಯೂ ಮೆಟಲ್ಲೇ, ಸತುವೂ ಮೆಟಲ್ಲೇ, ಅಲ್ಯೂಮಿನಿಯಮ್ಮೂ ಮೆಟಲ್ಲೇ. ಒಂದಕ್ಕೆ ಬಣ್ಣ ತರುವ ದ್ರಾವಣ ಇನ್ನೊಂದನ್ನು ತಿಂದು ಹಾಕುತ್ತದೆ.

ನಾನು ತರಿಸಿದ್ದು ಬೆಳಕಿನ ಕತ್ತಿಯ ಹಿಡಿ. 1977ರ ಸ್ಟಾರ್ ವಾರ್ಸ್‌ನಲ್ಲಿ ಇಂಥ ಹಿಡಿಯನ್ನು ಮಾಡಿದ್ದು ಗ್ರಾಫ್ಲೆಕ್ಸ್ ಅನ್ನುವ ಹಳೆಯ ಪ್ರೆಸ್ ಕ್ಯಾಮೆರಾದ ಫ್ಲಾಶ್ ಹಿಡಿಯಿಂದ, ಅದಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿ. ಹಾಗಾಗಿ ಈ ಹಿಡಿ ಫಳಫಳ ಹೊಳೆದರೆ ಚಂದವಿಲ್ಲ. ಯಾರೋ ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಸವೆಸಿದಂತೆ ಕಾಣಬೇಕು. ಸಂದುಗಳಲ್ಲಿ ಮಸಿ ಕೂತಿರಬೇಕು, ಬೆರಳು ತಾಗುವ ಅಂಚುಗಳಲ್ಲಿ ಮಾತ್ರ ಲೋಹ ಇಣುಕಬೇಕು. ಈ ಹವ್ಯಾಸದ ಅರ್ಧ ಸುಖ ಅಲ್ಲೇ ಇರುವುದು. ಮಾರಾಟದ ಪುಟದಲ್ಲಿ ‘ಪೂರ್ತಿ ಹಿತ್ತಾಳೆ, ಮನೆಯಲ್ಲೇ ಸುಲಭವಾಗಿ ಹಳೆಯ ನೋಟ’ ಅಂತಿತ್ತು. ಡಬ್ಬಿಯಲ್ಲಿ ಕೊಳವೆ, ಹಿಡಿಕ್ಲಿಪ್ಪು, ಬಾಯಿಭಾಗ, ಒಂದಿಷ್ಟು ಸ್ಕ್ರೂ, ಕೈಬರಹದಲ್ಲಿ ‘ಏಜಿಂಗ್’ ಅಂತ ಬರೆದ ಬಿಳಿ ಪ್ಲಾಸ್ಟಿಕ್ ಬಾಟಲಿ, ಮತ್ತು ವಿಡಿಯೊ ನೋಡಲು ಒಂದು ಕ್ಯೂಆರ್ ಚೀಟಿ.

ವಿಡಿಯೊದಲ್ಲಿ ಹೇಳಿದಂತೆಯೇ ಬಚ್ಚಲಲ್ಲಿ ಪ್ಲಾಸ್ಟಿಕ್ ಬುಟ್ಟಿ ಇಟ್ಟು, ರಬ್ಬರ್ ಕೈಗವಸು ಹಾಕಿ, ಕಿಟಕಿ ತೆರೆದು, ಅರ್ಧ ನೀರು ಅರ್ಧ ದ್ರಾವಣ ಮಾಡಿ ಕ್ಲಿಪ್ಪು, ಬಾಯಿಭಾಗ ಎರಡನ್ನೂ ಇಳಿಸಿದೆ. ವಿಡಿಯೊದವನ ಕೈಯಲ್ಲಿ ಹಿತ್ತಾಳೆ ನಿಧಾನಕ್ಕೆ ಕಂದಾಗುತ್ತಿತ್ತು. ನನ್ನ ಬುಟ್ಟಿಯಲ್ಲಿ ಸೋಡಾ ಬಾಟಲಿ ಒಡೆದಂತೆ ನೊರೆ ಎದ್ದಿತು. ಮೂಗಿಗೆ ಅಡರುವ ವಾಸನೆ, ಕಣ್ಣಲ್ಲಿ ಉರಿ. ಇಕ್ಕಳದಿಂದ ಎತ್ತಿ ನೋಡಿದರೆ ಹಳದಿ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ; ಕೆಳಗೆ ಬೂದು ಬಣ್ಣದ, ಸಿಡುಬಿನ ಕಲೆಗಳಂಥ ತಗ್ಗು. ಕ್ಲಿಪ್ಪಿನ ಒಳಗೆ ಸ್ಕ್ರೂ ಕಚ್ಚುವ ಥ್ರೆಡ್ಡು ಎಷ್ಟು ತೆಳುವಾಗಿತ್ತೆಂದರೆ ಸ್ಕ್ರೂ ತಿರುಗಿಸಿದಷ್ಟೂ ಸುಮ್ಮನೆ ಸುತ್ತುತ್ತಿತ್ತು, ಕಚ್ಚಲೇ ಇಲ್ಲ.

ಅಡುಗೆ ಸೋಡಾ ಸುರಿದಾಗ ಬುಸ್ಸೆಂದು ಉಕ್ಕಿತು. ದ್ರಾವಣ ಆಸಿಡ್ಡೇ ಅನ್ನುವುದು ಖಚಿತ. ವಾಸನೆ ನಮ್ಮ ಕಡೆ ತೇಜಾಬ್ ಅಂತ ಮಾರುವ, ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್‌ನದ್ದೇ. ಸತುವಿನ ಮೇಲೆ ಅದು ಬಿದ್ದರೆ ಏಳುವ ಗುಳ್ಳೆಗಳಲ್ಲಿರುವುದು ಹೈಡ್ರೋಜನ್, ಹತ್ತಿರದಲ್ಲಿ ಬೆಂಕಿ ಇದ್ದರೆ ಹೊತ್ತಿಕೊಳ್ಳುವಂಥದ್ದು. ನಮ್ಮ ಬಚ್ಚಲಿಗೆ ಅಂಟಿಕೊಂಡೇ ಗ್ಯಾಸ್ ಗೀಸರ್ ಇದೆ. ವಿಡಿಯೊದಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಹಿನ್ನೆಲೆ ಸಂಗೀತ ಮಾತ್ರ ಜೋರು.

ಆಸಿಡ್‌ನ ಆವಿ ಲೋಹ ಇರುವ ಕಡೆಗೆಲ್ಲ ಹೋಗುತ್ತದೆ ಅನ್ನುವುದು ಮರುದಿನ ಗೊತ್ತಾಯಿತು. ನಲ್ಲಿಗಳ ಹೊಳಪು ಮಾಸಿತ್ತು, ಟವೆಲ್ ಹಾಕುವ ಕಂಬಿಯ ಮೇಲೆ ಕಂದು ಚುಕ್ಕೆ. ಹೊರಗಿನ ಕಪಾಟಿನಲ್ಲಿದ್ದ ಡ್ರಿಲ್ ಬಿಟ್‌ಗಳ ಮೇಲೂ ತೆಳುವಾದ ತುಕ್ಕು. ಮನೆಯಾಕೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಚೌಬಾರಾ ಕಡೆ ಪರಿಚಯದ ಬಿದ್ರಿ ಕೆಲಸದ ಚಾಚಾ ಹತ್ತಿರ ಹೋದೆ. ಬೀದರ್‌ನಲ್ಲಿ ಇರುವವರಿಗೆ ಈ ಒಂದು ಅನುಕೂಲ ಇದೆ. ಬಿದ್ರಿ ಸಾಮಾನಿನ ಎರಕದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಸತುವಿನ ಗುಣ ಅವರಿಗೆ ಗೊತ್ತಿರುವಷ್ಟು ಯಾವ ಯೂಟ್ಯೂಬ್‌ನವನಿಗೂ ಗೊತ್ತಿಲ್ಲ. ಚಾಚಾ ತುಂಡನ್ನು ಕೈಯಲ್ಲಿ ತೂಗಿ ನೋಡಿ, ಒಳಬದಿಗೆ ಅರದಿಂದ ಒಂದೇ ಗೀಟು ಎಳೆದರು.

“ಇದು ಹಿತ್ತಾಳಿ ಅಲ್ಲ ತಮ್ಮಾ. ಜಸ್ತ ಅದ, ಜಸ್ತ. ಮ್ಯಾಲ ಗಿಲೀಟ ಹೊಡದಾರ.”

“ಪೂರ್ತಿ ಹಿತ್ತಾಳಿ ಅಂತ ಬರದಾರಲ್ಲ ಚಾಚಾ?”

“ಬರಿಯಾಕ ಏನ್ ರೊಕ್ಕ ಬೀಳ್ತದೇನು? ಜಸ್ತಕ್ಕ ತೇಜಾಬ ತೋರಿಸಬ್ಯಾಡ, ಕುಡದು ಬಿಡ್ತದ.”

ಜಸ್ತ ಅಂದರೆ ಸತು, ಗಿಲೀಟು ಅಂದರೆ ಮೇಲಿನ ತೆಳು ಲೇಪ. ಕೊಳವೆಯನ್ನೂ ತೋರಿಸಿದೆ. ಅದನ್ನು ಅವರು ಕೈಗೆ ತೆಗೆದುಕೊಳ್ಳಲೇ ಇಲ್ಲ. ಹಗುರ ನೋಡಿಯೇ ಅಲ್ಯೂಮಿನಿಯಂ ಅಂದರು. ಅಂದರೆ ಒಂದೇ ಡಬ್ಬಿಯಲ್ಲಿ ಸತು, ಅಲ್ಯೂಮಿನಿಯಂ, ಉಕ್ಕಿನ ಸ್ಕ್ರೂ. ಹಿತ್ತಾಳೆ ಇದ್ದದ್ದು ಗಿಲೀಟಿನಲ್ಲಿ ಮಾತ್ರ.

ಚಾಚಾ ಹತ್ತಿರದಲ್ಲಿ ಇಲ್ಲದವರು ಮನೆಯಲ್ಲೇ ಪತ್ತೆ ಮಾಡಬಹುದು. ಅಯಸ್ಕಾಂತ ಉಕ್ಕನ್ನು ಮಾತ್ರ ಬೇರೆ ಮಾಡುತ್ತದೆ. ಹಿತ್ತಾಳೆ, ಸತು, ಅಲ್ಯೂಮಿನಿಯಂ ಮೂರಕ್ಕೂ ಅಂಟುವುದಿಲ್ಲ. ಕಣ್ಣಿಗೆ ಬೀಳದ ಜಾಗದಲ್ಲಿ ಅರದಿಂದ ಕೆರೆಯಿರಿ: ಹಿತ್ತಾಳೆ ಎಷ್ಟು ಕೆರೆದರೂ ಹಳದಿಯೇ, ಗಿಲೀಟಿನ ಕೆಳಗೆ ಬೂದು ಕಾಣುತ್ತದೆ. ಕೆರೆಯಲು ಮನಸ್ಸಿಲ್ಲದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ತುಂಡನ್ನು ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಬಟ್ಟಲು ಇಟ್ಟು ಸೊನ್ನೆ ಮಾಡಿ, ತುಂಡನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ನೀರಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಈಗ ಎಷ್ಟು ಗ್ರಾಂ ತೋರಿಸುತ್ತದೋ ಅದರಿಂದ ಮೊದಲಿನ ತೂಕವನ್ನು ಭಾಗಿಸಿ. 200 ಗ್ರಾಂ ತುಂಡು ನೀರಿನಲ್ಲಿ 30 ತೋರಿಸಿದರೆ 6.7ರ ಹತ್ತಿರ ಬರುತ್ತದೆ, ಅದು ಸತುವಿನ ಎರಕ. ಹಿತ್ತಾಳೆ 8.5ರ ಆಸುಪಾಸು, ಉಕ್ಕು 7.8, ಅಲ್ಯೂಮಿನಿಯಂ 2.7. ಟೊಳ್ಳು ಭಾಗದೊಳಗೆ ಗಾಳಿ ಉಳಿದರೆ ಲೆಕ್ಕ ತಪ್ಪುತ್ತದೆ, ಮುಳುಗಿಸಿ ಒಮ್ಮೆ ಅಲ್ಲಾಡಿಸಿ.

ಇಷ್ಟು ಗೊತ್ತಾದರೆ ಮುಂದಿನ ಅನಾಹುತಗಳಲ್ಲಿ ಅರ್ಧ ತಪ್ಪುತ್ತವೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರ್ಕಿಟ್ ಬೋರ್ಡ್‌ಗೆಂದು ಸಿಗುವ ಫೆರಿಕ್ ಕ್ಲೋರೈಡ್ ನಿಜವಾದ ಹಿತ್ತಾಳೆಗೆ ಒಳ್ಳೆಯ ಹಳೆಯ ನೋಟ ಕೊಡುತ್ತದೆ. ಅದೇ ಅಲ್ಯೂಮಿನಿಯಂ ಮೇಲೆ ಬಿದ್ದರೆ ಕುದಿಯುವಷ್ಟು ಬಿಸಿ, ಉಸಿರುಗಟ್ಟಿಸುವ ಆವಿ. ಗಟಾರ ಬಿಡಿಸುವ ಕಾಸ್ಟಿಕ್ ಪುಡಿ ಕೂಡ ಅಲ್ಯೂಮಿನಿಯಂಗೆ ಶತ್ರುವೇ. ಸತುವಿಗೆ ಕೆಂಪು ತುಕ್ಕು ತರಿಸುತ್ತೇನೆ ಅಂತ ಹೊರಟವರಂತೂ ಸಮಯ ಹಾಳು ಮಾಡಿಕೊಳ್ಳಬೇಡಿ, ಕೆಂಪು ತುಕ್ಕು ಕಬ್ಬಿಣದ್ದು, ಸತುವಿಗೆ ಬರುವುದು ಬಿಳಿ ಪುಡಿ.

ತುಕ್ಕು ತರಿಸುವ ವಿಡಿಯೊಗಳಲ್ಲಿ ಇನ್ನೊಂದು ಯಮನ ಪಾಕವಿಧಾನ ಓಡಾಡುತ್ತಿದೆ: ವಿನೆಗರ್‌ಗೆ ಬ್ಲೀಚ್ ಬೆರೆಸುವುದು. ಬಟ್ಟೆಗೆ, ಟೈಲ್ಸ್‌ಗೆ ಬಳಸುವ ಬ್ಲೀಚ್‌ಗೆ ಯಾವ ಆಸಿಡ್ ಸೇರಿದರೂ ಕ್ಲೋರಿನ್ ಗಾಳಿ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರ ಸೈನಿಕರ ಮೇಲೆ ಬಿಟ್ಟದ್ದು ಅದೇ ಗಾಳಿ. ತೇಜಾಬ್ ಬಳಸಿದ ಬಚ್ಚಲನ್ನು ಆಮೇಲೆ ಬ್ಲೀಚ್ ಹಾಕಿ ತೊಳೆಯುವುದೂ ಇದೇ ಅಪಾಯ, ಮನೆಯಲ್ಲಿ ಕೆಲಸದವರಿಗೂ ಹೇಳಿಡಿ.

ಬ್ಯುಟೇನ್ ಟಾರ್ಚ್‌ನಿಂದ ಕಾಯಿಸಿ ನೀಲಿ, ನೇರಳೆ ಬಣ್ಣ ತರಿಸುವುದು ಉಕ್ಕಿಗೆ ಹೊಂದುವ ವಿದ್ಯೆ. ಪ್ರಾಪ್‌ಗಳಲ್ಲಿ ಬಳಸುವ ಸತುವಿನ ಎರಕ 390 ಡಿಗ್ರಿ ತಲುಪುವುದರೊಳಗೇ ಕರಗುತ್ತದೆ; ಅದಕ್ಕೂ ಮೊದಲೇ ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ ಮೇಲ್ಮೈಯಲ್ಲಿ ಬೊಬ್ಬೆ ಏಳುತ್ತದೆ. ಅತಿಯಾಗಿ ಕಾದ ಸತುವಿನ ಬಿಳಿ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು. ಗ್ಯಾಲ್ವನೈಸ್ಡ್ ಶೀಟು ಬೆಸೆಯುವ ವೆಲ್ಡಿಂಗ್ ಅಂಗಡಿಯವರಿಗೆ ಇದು ಪರಿಚಯದ ಜ್ವರ, ಅದಕ್ಕೆ ಅವರ ಔಷಧ ಹಾಲು. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗಿದ್ದು ಎದೆಗೆ. ಅದರಿಂದ ಆಗುವುದೇನೂ ಇಲ್ಲ.

ಕೊನೆಗೆ ಹೊಡೆಯುವ ಪಾರದರ್ಶಕ ಪದರದ, ಅಂದರೆ ಕ್ಲಿಯರ್ ಕೋಟ್, ವಿಷಯದಲ್ಲಿ ಚಿಕ್ಕದಾಗಿ: ಗಾಡಿ ಪೇಂಟಿಂಗ್‌ನ ಹಾರ್ಡ್ನರ್ ಬೆರೆಸುವ ಸ್ಪ್ರೇ ಮನೆಯೊಳಗೆ ಬೇಡವೇ ಬೇಡ. ಅದರಲ್ಲಿರುವ ಐಸೊಸಯನೇಟ್ ಒಮ್ಮೆ ಎದೆಗೆ ಒಗ್ಗದೆ ಹೋದರೆ ಆಸ್ತಮಾ ಕಾಯಂ ಆಗಬಹುದು. ಎನ್95 ಮಾಸ್ಕ್ ಧೂಳಿಗೆ ಸರಿ, ಆವಿಗೆ ಅಲ್ಲ. ಸಾಮಾನ್ಯ ಸ್ಪ್ರೇ ಡಬ್ಬಿಗಳನ್ನೂ ಬೇಸಿಗೆಯಲ್ಲಿ ತಗಡಿನ ಕೆಳಗೆ, ಕಾರಿನಲ್ಲಿ ಬಿಡಬೇಡಿ, 50 ಡಿಗ್ರಿ ಮೀರಬಾರದು ಅಂತ ಡಬ್ಬಿಯ ಮೇಲೇ ಇರುತ್ತದೆ. ಬೀದರ್ ಸ್ವಲ್ಪ ತಂಪು ಅಂತ ಧೈರ್ಯ ಇದ್ದರೂ ಕಲಬುರಗಿ, ಯಾದಗಿರಿಯ ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಅಷ್ಟು ಕಾವು ಏರಲು ಹೊತ್ತು ಬೇಕಿಲ್ಲ. ನಡು ಮಧ್ಯಾಹ್ನ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ. ಬೆಳಗಿನ ಜಾವ ಒಳ್ಳೆಯದು.

ಕೆಟ್ಟ ತುಂಡುಗಳನ್ನು ಎಸೆಯಬೇಕಾಗಲಿಲ್ಲ. ಚಾಚಾ ಉಳಿದ ಗಿಲೀಟನ್ನು ಪಾಲಿಶ್ ಪೇಪರ್‌ನಿಂದ ಪೂರ್ತಿ ತೆಗೆಸಿದರು. ಆಮೇಲೆ ಗಾಜಿನ ಲೋಟದಲ್ಲಿದ್ದ ನೀಲಿ ನೀರಿಗೆ ಬಟ್ಟೆ ಅದ್ದಿ ಒಂದು ಸಲ ಸವರಿದರು. ಬಟ್ಟೆ ಹಾದುಹೋದಂತೆ ಹಿಂದೆಯೇ ಬೂದು ಲೋಹ ಕಪ್ಪಾಗುತ್ತ ಬಂತು. ಅದು ಮೈಲುತುತ್ತದ ನೀರು, ದ್ರಾಕ್ಷಿ ತೋಟದವರು ಸುಣ್ಣದ ಜೊತೆ ಸಿಂಪಡಿಸುತ್ತಾರಲ್ಲ, ಅದೇ. ಬಿದ್ರಿಯಲ್ಲಿ ಗೆರೆ ಕೊರೆಯುವ ಮೊದಲು ಸಾಮಾನನ್ನು ಹೀಗೆ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಉಳಿ ಎಳೆದ ಗೆರೆ ಬೆಳ್ಳಗೆ ಎದ್ದು ಕಾಣಲಿ ಅಂತ. ಬೆಳ್ಳಿ ಕೂರಿಸಿ ಉಜ್ಜಿದ ಮೇಲೆ ಬರುವ ಶಾಶ್ವತ ಕಪ್ಪಿಗೆ ಬೇರೆ ಪಾಕ: ಕೋಟೆಯ ಮಣ್ಣು, ನವಸಾಗರ, ಹದವಾದ ಕಾವು. ಆ ಕಪ್ಪು ಬೆಳ್ಳಿಗೆ ಹತ್ತುವುದಿಲ್ಲ, ಸತುವಿನ ಎರಕಕ್ಕೆ ಮಾತ್ರ. ನನ್ನ ಹಿಡಿಗೆ ಮೊದಲಿನದೇ ಸಾಕಾಯಿತು. ತೊಳೆದು ಒರೆಸಿ, ಅಂಚುಗಳನ್ನು ಸ್ಟೀಲ್ ಉಣ್ಣೆಯಿಂದ ಉಜ್ಜಿದಾಗ ಲೋಹ ಇಣುಕಿತು, ಸಂದುಗಳಲ್ಲಿ ಕಪ್ಪು ಉಳಿಯಿತು. ಸಿಡುಬಿನ ತಗ್ಗುಗಳು ಈಗ ಹಳೆಯ ಏಟುಗಳಂತೆ ಕಾಣುತ್ತವೆ, ಹಾಗಂತ ಮಾರಿದವರಿಗೆ ಥ್ಯಾಂಕ್ಸ್ ಹೇಳುವ ಮನಸ್ಸೇನಿಲ್ಲ. ಮೈಲುತುತ್ತವೂ ವಿಷವೇ. ಅಡುಗೆ ಪಾತ್ರೆಯಲ್ಲಿ ಕಲಸಬೇಡಿ, ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯಲ್ಲಂತೂ ಅದು ಪಾತ್ರೆಯನ್ನೇ ತಿನ್ನುತ್ತದೆ. ಉಳಿದದ್ದನ್ನು ಗಟಾರಕ್ಕಾಗಲಿ ಗಿಡಕ್ಕಾಗಲಿ ಸುರಿಯಬೇಡಿ. ಅಲ್ಯೂಮಿನಿಯಂ ಕೊಳವೆಗೆ ನಾನು ಯಾವ ರಾಸಾಯನಿಕವನ್ನೂ ಮುಟ್ಟಿಸಲಿಲ್ಲ. ಕಪ್ಪು, ಕಂದು ಅಕ್ರಿಲಿಕ್ ಬಣ್ಣವನ್ನು ನೀರಾಗಿಸಿ ಬಳಿದು, ಒಣಗುವ ಮೊದಲೇ ಬಟ್ಟೆಯಿಂದ ಒರೆಸಿದೆ. ನಿಜ ಹೇಳಬೇಕೆಂದರೆ ಮೂರರಲ್ಲಿ ಚೆನ್ನಾಗಿ ಬಂದದ್ದು ಅದೇ.

ಮಾರಾಟಗಾರರಿಗೆ ಬರೆದಾಗ ಬಂದ ಉತ್ತರ: ‘ರಾಸಾಯನಿಕ ಹಚ್ಚಿದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ’. ಹಚ್ಚಿದ್ದು ಅವರೇ ಕೊಟ್ಟ ರಾಸಾಯನಿಕ! 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಮಾರುವವರ ದೂರು ಅಧಿಕಾರಿ 48 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಾನು ಅಲ್ಲಿ ದೂರು ದಾಖಲಿಸಿದ ಮೇಲೆ ಮಾರಾಟದ ಪುಟದಲ್ಲಿ ‘ಪೂರ್ತಿ ಹಿತ್ತಾಳೆ’ ಹೋಗಿ ‘ಹಿತ್ತಾಳೆ ಫಿನಿಶ್’ ಬಂದಿದೆ. ಹಳೆಯ ಪುಟದ ಸ್ಕ್ರೀನ್‌ಶಾಟ್ ಆರ್ಡರ್ ಮಾಡಿದ ದಿನದಿಂದ ನನ್ನ ಫೋನಿನಲ್ಲಿತ್ತು, ಅದನ್ನೂ ಬಾಟಲಿಯ ಫೋಟೊವನ್ನೂ ದೂರಿಗೆ ಲಗತ್ತಿಸಿದ್ದೇನೆ. ನೀವೂ ದುಡ್ಡು ಕಟ್ಟುವ ಮೊದಲೇ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.